ಗಾಜಿನ ಮೇಲಿನ ವಿಭೂತಿ

ನೀಲವ್ವನಂಥ ಹಟಮಾರಿ ಹೆಂಗಸನ್ನು ಲಂಡನ್ನಿನ ಈ ಹ್ಯಾರೋದಲ್ಲಿ ಇರಲಿ, ನಮ್ಮ ಮೈಸೂರಿನಲ್ಲೂ ನಾನು ನೋಡಿಲ್ಲ. ನಮ್ಮ ಪಕ್ಕದ ಮನೆಯವಳು, ವಿಜಾಪುರದ ಕಡೆಯವಳು. ಗಂಡ ಮಹಾಲಿಂಗಪ್ಪ ಕೆಲಸಕ್ಕಿದ್ದ ದೀಪದ ಕಾರ್ಖಾನೆ ಮುಚ್ಚಿದಾಗ ಅವನು ತಲೆಯ ಮೇಲೆ ಕೈಹೊತ್ತು ಕೂತ. ಇವಳು ಗ್ಯಾರೇಜು ಗುಡಿಸಿ, ಮೇಜು ಹಾಕಿ, "ಏಳ್ರಿ, ನಿಮಗ ದೀಪ ಮಾಡಾಕ ಬರ್ತೈತಿ, ನನಗ ವೈರ್ ಬೆಸಿಯಾಕ ಬರ್ತೈತಿ" ಎಂದಳು. ಹಾಗೆ ಶುರುವಾಯಿತು ರಾತ್ರಿ ಬೇಟೆಯ ದೀಪದ ಕೆಲಸ. ಮೊಲ, ನರಿ ಹೊಡೆಯುವವರು ಹೆಗಲಿಗೆ ಬ್ಯಾಟರಿ ತಗಲಿಸಿಕೊಂಡು ಕೈಯಲ್ಲಿ ಹಿಡಿಯುವ ದೊಡ್ಡ ದೀಪಗಳು.

"ಅಲ್ಲ ಕಣೇ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೊಲ ಹೊಡೆಯೋರಿಗೆ ದೀಪ ಮಾಡ್ತೀಯಲ್ಲ!" ಎಂದು ರೇಗಿಸಿದೆ.

"ಹೊಡಿಯೋರು ಹೆಂಗೂ ಹೊಡಿತಾರ ಕಲ್ಯಾಣಕ್ಕ. ಬೆಳಕು ಚಲೋ ಇರಲಿಲ್ಲಂದ್ರ ಮೊಲ ಅಂತ ನಿಮ್ಮ ಬೆಕ್ಕಿಗೆ ಹೊಡಿತಾರ."



ವ್ಯಾಪಾರ ಮಾತ್ರ ಏಳಲಿಲ್ಲ. ೧೯೯೬ರ ದಸರೆಯ ಹೊತ್ತಿಗೆ ಹೊಲ, ಮೈದಾನಗಳ ಮೊಲದ ಕಾಟ ಕಳೆಯುವ ಡೆರೆಕ್ ಎಂಬ ಗುತ್ತಿಗೆದಾರ ತನ್ನ ಆಳುಗಳಿಗೆಲ್ಲ ಹೊಸ ದೀಪ ಕೊಳ್ಳಲು ಹೊರಟಿದ್ದ. ಅಂಗಡಿಯದನ್ನೂ ಇವರದನ್ನೂ ಅಕ್ಸ್‌ಬ್ರಿಡ್ಜ್ ಆಚೆಯ ಗಾಲ್ಫ್ ಮೈದಾನದಲ್ಲಿ ಹೋಲಿಸಿ ನೋಡುತ್ತೇನೆ ಎಂದ. ಇದೂ ಕೈತಪ್ಪಿದರೆ ಗ್ಯಾರೇಜಿಗೆ ಬೀಗ ಎಂದು ಮಹಾಲಿಂಗಪ್ಪ ಹೇಳಿಬಿಟ್ಟಿದ್ದ. ಕ್ರೋಯ್ಡನ್ನಿನ ಗೋದಾಮೊಂದರಲ್ಲಿ ಕೆಲಸವನ್ನೂ ಕೇಳಿ ಬಂದಿದ್ದ.

ಡೆರೆಕ್ ಗೊತ್ತುಮಾಡಿದ ದಿನ ಖಂಡೇನವಮಿ, ನಮ್ಮ ಕಡೆಯ ಆಯುಧಪೂಜೆ. ಬೆಳಿಗ್ಗೆ ಗ್ಯಾರೇಜಿನ ಸಾಮಾನಿಗೆಲ್ಲ ಪೂಜೆ ಮಾಡಿ, ಸಂಜೆ ನನ್ನ ಕಾರಿನಲ್ಲಿ ಹೊರಟೆವು. ತಲುಪುವ ಹೊತ್ತಿಗೆ ಕತ್ತಲಾಗಿತ್ತು.

ಅಂಗಡಿಯ ದೀಪದ ಡಬ್ಬಿಯ ಮೇಲೆ ಹತ್ತು ಲಕ್ಷ ಕ್ಯಾಂಡಲ್ ಪವರ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. "ಅಷ್ಟು ಮೇಣಬತ್ತಿ ಯಾರು ಹಚ್ಚಿ ನೋಡ್ಯಾರ? ನಾನು ನಡಕೋತ ಹೋಗಿ ಬೆರಳು ತೋರಸ್ತೀನಿ. ಎಷ್ಟು ದೂರದತನಕ ಕಾಣ್ತಾವ ಅಂತ ಅವನೇ ಹೇಳಲಿ" ಎಂದು ನೀಲವ್ವ ಹೊರಟೇಬಿಟ್ಟಳು. ಅಂಗಡಿಯ ದೀಪ ಹತ್ತಿರದಲ್ಲಿ ಹಗಲು ಮಾಡಿತು. ಗಾಲ್ಫ್ ಆಟದ ಮರಳುಗುಂಡಿಯ ತನಕ ಬೆರಳು ಕಂಡವು. ಅದರಾಚೆಯ ಓಕ್ ಮರದ ಬಳಿ ಬರೀ ನೆರಳು.

ಆಮೇಲೆ ಇವರ ದೀಪ. ಅಯ್ಯೋ, ಮರಳುಗುಂಡಿಯಲ್ಲೇ ಏನೂ ಕಾಣಿಸಲಿಲ್ಲ! ಮಜ್ಜಿಗೆ ಚೆಲ್ಲಿದ ಹಾಗೆ ಬೆಳಕು. "ಇದೇನಾ ನಿಮ್ಮ ದೀಪ?" ಎಂದು ಡೆರೆಕ್ ನಕ್ಕ. ನಾನು ಬಗ್ಗಿ ನೋಡಿದರೆ ಗಾಜಿನ ತುಂಬ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ಒರೆಸ್ರೀ!" ಎಂದೆ.

"ಅಕಿ ಹಚ್ಚಿದ್ರಿ," ಮಹಾಲಿಂಗಪ್ಪನ ದನಿ ಇಳಿದಿತ್ತು. "ಹಬ್ಬದ ವಿಭೂತಿ ತಾನಾಗೇ ಉದುರಬೇಕಂತಾಳ. ಹೋದ ವರ್ಷ ಡ್ರಿಲ್ ಒರೆಸಿದ್ದಕ್ಕ ವಾರಗಟ್ಟಲೆ ಮಾತು ಬಿಟ್ಟಿದ್ಲು."

ನನಗೆ ಮೈಯೆಲ್ಲ ಉರಿಯಿತು. "ಗ್ಯಾರೇಜಿಗೆ ಬೀಗ ಬೀಳೋ ಹೊತ್ತಲ್ಲೂ ಹೆಂಡತಿ ಭಯಾನಾ? ಏ ನೀಲವ್ವಾ, ಬಾರೇ ಇಲ್ಲಿ!"

ಓಡಿಬಂದಳು. ಗಾಜು ನೋಡಿದಳು, ನಿಂತಳು. ಅವಳ ತವರಿನಲ್ಲಿ ಕುಂಟೆ ಕುಡುಗೋಲಿಗೆ ಹಚ್ಚಿದ ವಿಭೂತಿಯನ್ನು ಯಾರೂ ಒರೆಸಿದವರಲ್ಲ. ಅವಳ ಮುಖ ನೋಡಿ, ಬೈದದ್ದು ಹೆಚ್ಚಾಯಿತೇನೋ ಎಂದು ನನಗೇ ಸಂಕಟವಾಯಿತು.

ಅವಳು ದೀಪ ಆರಿಸಿ, ಇನ್ನೂ ಕಾದಿದ್ದ ಗಾಜಿಗೆ ಅಂಗೈ ಒತ್ತಿದಳು.

"ಏ, ಸುಡತೈತಿ!" ಎಂದ ಗಂಡ.

"ಸುಡ್ಲಿ."

ವಿಭೂತಿಯನ್ನೆಲ್ಲ ಅಂಗೈಗೆ ಬಳಿದುಕೊಂಡು ಹಣೆಗೆ ಹಚ್ಚಿಕೊಂಡಳು. ಕೋಟಿನೊಳಗಿನಿಂದ ಸೆರಗು ಎಳೆದು ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದಳು. "ಹಚ್ರಿ ಈಗ" ಎಂದು ಮತ್ತೆ ಕತ್ತಲಿಗೆ ನಡೆದಳು.

ದೀಪ ಹತ್ತಿತು. ಬೆಳಕು ಅಗಲವಾಗಿರಲಿಲ್ಲ, ನೆಟ್ಟಗೆ ಹೋಯಿತು. ಮರಳುಗುಂಡಿ ದಾಟಿದಳು, ಓಕ್ ಮರವನ್ನೂ ದಾಟಿದಳು. ಅದರಾಚೆಯ ಬೇಲಿಯ ಹತ್ತಿರ ತಿರುಗಿ ನಿಂತು ಕೈ ಎತ್ತಿದಳು.

ಡೆರೆಕ್ ಕಣ್ಣು ಕಿರಿದು ಮಾಡಿದ. "ಎರಡು ಬೆರಳು," ಎಂದ. ಒಂದು ಹೆಜ್ಜೆ ಮುಂದೆ ಹೋಗಿ, "ಹಣೆಯ ಮೇಲೆ ಅದೇನು ಬಿಳೀದು?" ಎಂದ.

ಮಹಾಲಿಂಗಪ್ಪ ದೀಪವನ್ನು ಅವಳ ಮೇಲೇ ನೆಟ್ಟು ಹಿಡಿದ. 

ಬೇಲಿಯ ಬಳಿಯಿಂದ ನೀಲವ್ವ ಕೂಗಿದಳು: "ಇನ್ನೂ ಮುಂದ ಹೋಗ್ಲೇನು?"