ಡಮರು, ಕುಡುಗೋಲು, ಚಾಸಿ ನಂಬರ್

ಹೋದ ಭಾನುವಾರ ನಾನೊಂದು ಮೋಟಾರ್ ಸೈಕಲ್ಲಿನ ಮುಂದೆ ಮಂಡಿಯೂರಿ ಕುಳಿತಿದ್ದೆ. ಭಕ್ತಿಯಿಂದಲ್ಲ, ಸಂಶಯದಿಂದ. ಎದ್ದಾಗ ಸಂಶಯ ಉಳಿದಿರಲಿಲ್ಲ. ಅದರ ಜಾಗದಲ್ಲಿ ಉಳಿದದ್ದಕ್ಕೆ ಬೆರಗು ಎಂಬುದಲ್ಲದೆ ಬೇರೆ ಹೆಸರಿಲ್ಲ.

ನನ್ನ ಗೆಳತಿ ಸುಮಾ ಬಂಗೂರನಗರದಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಹಳೆಯ ಬುಲೆಟ್ ಒಂದನ್ನು ಕೊಳ್ಳಬೇಕೆಂಬುದು ಅವಳ ಬಹುದಿನದ ಹುಚ್ಚು. (ಹೆಂಗಸಿಗೆ ಬುಲೆಟ್ ಯಾಕೆ ಎಂದು ಕೇಳುವವರು ದಯವಿಟ್ಟು ಪುಟ ತಿರುವಬಹುದು.) ಹಳಿಯಾಳದ ಕಡೆಯ ಹಳ್ಳಿಯೊಂದರಲ್ಲಿ ಮೈಸೂರು ರಾಜ್ಯದ ಕಾಲದ, ‘ಎಂವೈ’ ಎಂದು ಶುರುವಾಗುವ ನಂಬರಿನ ಗಾಡಿ ಮಾರಾಟಕ್ಕಿದೆ ಎಂದು ತಿಳಿದದ್ದೇ ತಡ, ನನಗೆ ಫೋನ್ ಮಾಡಿದಳು.

“ನೀನೂ ಬಾರವಾ. ಕಾಗದಪತ್ರದಾಗ ತಪ್ಪು ಹುಡುಕಾಕ ನಿನ್ನಷ್ಟು ಖುಷಿಪಡಾವ್ರು ಯಾರೂ ಇಲ್ಲ.”

ನನ್ನ ಈ ಅಂಕಣದ ಓದುಗರಿಗೆ ಇದು ಹೊಸದಲ್ಲ. ಸತ್ತವರ ಹೆಸರಿನಲ್ಲಿ ವರ್ಷಗಟ್ಟಲೆ ಓಡುವ ಗಾಡಿಗಳು, ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುವ ಏಜೆಂಟರು, ಒಂದೇ ಗಾಡಿಯನ್ನು ಇಬ್ಬರಿಗೆ ಮಾರುವ ಮಹನೀಯರು, ಎಲ್ಲರನ್ನೂ ಇಲ್ಲಿ ತರಾಟೆಗೆ ತೆಗೆದುಕೊಂಡಿದ್ದೇನೆ. ಹಳೆಯ ಗಾಡಿಯ ಚೆಲುವಿಗೆ ಮರುಳಾಗಿ, ಗುರುತು ಕೇಳದೆ ಕೊಂಡು, ಆಮೇಲೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತವರನ್ನು ಕಂಡಿದ್ದೇನೆ. ಕಳ್ಳ ಮಾಲನ್ನು ತಿಳಿಯದೆ ಕೊಂಡರೂ ಅದು ಕಳ್ಳ ಮಾಲೇ ಅಲ್ಲವೆ?

ಗಾಡಿಯ ಒಡತಿ ಶಾಂತವ್ವ. ವಯಸ್ಸಾದ ಹೆಣ್ಣುಮಗಳು. ಪತಿ ವೀರಭದ್ರಪ್ಪ ಹೋದ ವರ್ಷ ತೀರಿಕೊಂಡರು. ಬಟ್ಟೆಯ ಗಂಟು ಕಟ್ಟಿಕೊಂಡು ಇದೇ ಗಾಡಿಯ ಮೇಲೆ ಜೋಯಿಡಾದ ಕಾಡುದಾರಿ ಹಿಡಿದು, ಕ್ಯಾಸಲ್‌ರಾಕಿನ ರೈಲ್ವೆ ಕ್ವಾರ್ಟರ್ಸಿನವರೆಗೆ ವ್ಯಾಪಾರ ಮಾಡಿದವರು. ಗಾಡಿ ಅವರ ಕೈಸೇರಿದ್ದು ಹಳೆಯ ಸೂಪಾದಲ್ಲಿ. ಅಣೆಕಟ್ಟಿನ ನೀರು ಬರುವ ಮೊದಲು ಊರು ಬಿಡುತ್ತಿದ್ದ ಒಬ್ಬರು ಮಾರಿದ್ದರಂತೆ. ಅವರ ಮನೆ, ಓಣಿ, ಆ ಊರು, ಎಲ್ಲ ಈಗ ನೀರಿನಡಿ. ಹಿಂದಿನ ಮಾಲೀಕರು ಯಾರೆಂದು ಹೋಗಿ ವಿಚಾರಿಸೋಣವೆಂದರೆ ಬಾಗಿಲು ತಟ್ಟಲು ಬಾಗಿಲೇ ಇಲ್ಲ.

ಶಾಂತವ್ವ ಗಾಡಿಗೆ ಹೊದಿಸಿದ್ದ ಕೌದಿಯನ್ನು ಸರಿಸಿದರು. ಕಪ್ಪು ಟ್ಯಾಂಕಿನ ಮೇಲೆ ಕೈಯಿಂದ ಎಳೆದ ಹೊಂಬಣ್ಣದ ಗೆರೆ. ಎಲ್ಲಿಯೂ ತುಕ್ಕಿಲ್ಲ. ಚಕ್ರದ ಕಡ್ಡಿಗಳೆಲ್ಲ ಒಂದೊಂದಾಗಿ ಒರೆಸಿಟ್ಟಂತಿದ್ದವು. ಮನುಷ್ಯರು ಒಂದು ಯಂತ್ರವನ್ನು ಇಷ್ಟು ಪ್ರೀತಿಯಿಂದ ಇಟ್ಟುಕೊಳ್ಳಬಲ್ಲರೆ?

“ಟೈಮ್ ವೇಸ್ಟ್ ಮಾಡಬ್ಯಾಡ್ರಿ ಅಕ್ಕಾರ,” ಎಂದಿತು ಕಟ್ಟೆಯ ಮೇಲಿನಿಂದ ಒಂದು ದನಿ. ಶಾಂತವ್ವನ ಮೈದುನನ ಮಗ ಬಸವರಾಜ. ಪಕ್ಕದ ಮನೆಯವನು. “ಹೋದ ತಿಂಗಳು ಹುಬ್ಬಳ್ಳಿಯಿಂದ ಒಬ್ಬಾಂವ ಬಂದಿದ್ದ. ಚಾಸಿ ನಂಬರ್ ಇಲ್ಲ, ಇದು ಕಳ್ಳ ಗಾಡಿ ಅಂತ ಓಣಿ ಮಂದಿ ಮುಂದ ಹೇಳಿ ಹೋದ. ನಮ್ಮ ಮನಿತನದ ಮಾನ ಹೋತು.”

ಶಾಂತವ್ವ ಅವನತ್ತ ತಿರುಗಿಯೂ ನೋಡಲಿಲ್ಲ.

“ಅವತ್ತಿನಿಂದ ಸೋಮವಾರ ಮಠಕ್ಕ ಹೋಗಿಲ್ರಿ ನಾನು. ಗಾಡಿ ನೀವು ತಗೋರಿ, ಬಿಡ್ರಿ. ಆದ್ರ ಓದಿದವ್ರು ಅದೀರಿ. ನಮ್ಮ ಮನ್ಯಾರು ಕಳ್ಳರು ಹೌದೋ ಅಲ್ಲೋ, ಅದೊಂದು ನೋಡಿ ಹೇಳಿ ಹೋಗ್ರಿ.”

ಗಾಡಿ ನೋಡಲು ಹೋದ ನಾವು, ಹೀಗೆ, ತೀರಿಹೋದ ಒಬ್ಬ ಮನುಷ್ಯನ ಮರ್ಯಾದೆಯ ತನಿಖಾಧಿಕಾರಿಗಳಾದೆವು.

ಆರ್‌ಸಿ ಕಾರ್ಡ್ ತೆಗೆಸಿದೆ. ಮಾಲೀಕರ ಹೆಸರು ವೀರಭದ್ರಪ್ಪ. ಸರಿ. ಸಾಲದ ನಮೂದಿಲ್ಲ. ನೋಂದಣಿ ನವೀಕರಣವಾಗಿದೆ. ಎಂಜಿನ್ ನಂಬರನ್ನು ಸುಮಾ ಟಾರ್ಚ್ ಹಾಕಿ ಓದಿದಳು, ಕಾರ್ಡಿನೊಂದಿಗೆ ಹೊಂದಿತು. ಉಳಿದದ್ದು ಚಾಸಿ ನಂಬರ್. ಅದನ್ನು ಹ್ಯಾಂಡಲ್ಲಿನ ಕೆಳಗೆ, ಗಾಡಿಯ ಕುತ್ತಿಗೆಯ ಮೇಲೆ ಕಾರ್ಖಾನೆಯಲ್ಲೇ ಒತ್ತಿರುತ್ತಾರೆ. ಎಂಜಿನ್ ಬದಲಿಸಬಹುದು, ಚಕ್ರ ಬದಲಿಸಬಹುದು. ಗಾಡಿ ಯಾವುದೆಂದು ಕಾಯಿದೆಗೆ ಗೊತ್ತಾಗುವುದು ಈ ನಂಬರಿನಿಂದ. ಮಂಡಿಯೂರಿದ್ದು ಅದನ್ನು ಓದಲು.

ಅಲ್ಲಿ ಏನೂ ಇರಲಿಲ್ಲ. ಬಣ್ಣ ಕೂಡ ಇಲ್ಲ. ಅಂಗೈಯಷ್ಟು ಜಾಗದಲ್ಲಿ, ಬೆಳ್ಳಿಯ ತಟ್ಟೆಯಂತೆ ಹೊಳೆಯುವ ನುಣುಪಾದ ಉಕ್ಕು.

ಚಾಸಿ ನಂಬರ್ ಅಳಿಸುವುದು ಅಪರಾಧ. ಅಳಿಸಿದ ಗಾಡಿ ಕೊಳ್ಳುವುದು ಮೂರ್ಖತನ. ಸುಮಾಳ ಮುಖ ಬಾಡಿತು. ನಾನು ಎದ್ದು, ಸಾಧ್ಯವಾದಷ್ಟು ಗಂಭೀರವಾಗಿ ಕೇಳಿದೆ: “ಇದನ್ನ ಯಾರ್ರೀ ಹಿಂಗ ತಿಕ್ಕಿದಾವ್ರು?”

“ನಾನರೀ!”

ಆ ದನಿಯಲ್ಲಿದ್ದದ್ದು ಅಳುಕಲ್ಲ, ಹೆಮ್ಮೆ!

“ಪ್ರತಿ ಖಂಡೇನವಮಿಗೆ ಹುಣಸೀಹಣ್ಣು, ಬೂದಿ ಹಚ್ಚಿ ತಿಕ್ಕತೇನ್ರಿ. ದೇವರ ಸಾಮಾನು ತಿಕ್ಕಿದಂಗ. ಈ ಜಾಗಾ ಗಾಡಿ ಜೀವ ಇದ್ದಂಗ ಅಂತ ಹೇಳಿದ್ರು ನಮ್ಮ ಮನ್ಯಾರು. ಅದಕ್ಕ ಇದನ್ನ ಒಂದೀಟು ಜೋರ್ ತಿಕ್ಕತೇನಿ.”

ಸುಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಖಂಡೇನವಮಿಯ ದಿನ ಆಯುಧ, ವಾಹನಗಳನ್ನು ತೊಳೆದು ಪೂಜಿಸುವುದು ನಮ್ಮಲ್ಲಿ ಮನೆಮನೆಯ ರೂಢಿ. ಆದರೆ ಒಂದು ಗಾಡಿಯ ಗುರುತನ್ನು ಭಕ್ತಿಯೇ ಸವೆಸಿಹಾಕಿದ್ದನ್ನು ನಾನು ಈ ಮೊದಲು ಕೇಳಿರಲಿಲ್ಲ. ಕಾಯಿದೆಗೆ ಇದನ್ನು ಹೇಗೆ ವಿವರಿಸುವುದು?

“ಅಲ್ಲೇನಿತ್ತು ಅಂತ ಬೇಕೇನ್ರಿ?” ಎಂದರು ಶಾಂತವ್ವ. “ತಡೀರಿ.”

ಒಳಗಿನಿಂದ ರಂಗೋಲಿಯ ಪುಡಿ ತಂದು ಅಂಗಳದಲ್ಲಿ ಕುಳಿತರು. ಅದು ಪೂಜೆಯ ದಿನ ಅವರು ಗಾಡಿಯ ಮುಂದೆ ಹಾಕುವ ರಂಗೋಲಿಯಂತೆ. ಗಾಡಿಯ ಕುತ್ತಿಗೆಯ ಮೇಲಿದ್ದ ಗುರುತುಗಳನ್ನೇ ನೋಡಿ, ಮದುವೆಯಾಗಿ ಬಂದ ಹೊಸತರಲ್ಲಿ ಕಟ್ಟಿಕೊಂಡದ್ದು. ಅವು ಅಂಕಿಗಳೆಂದು ಅವರಿಗೆ ಯಾರೂ ಹೇಳಿಲ್ಲ. ಶಾಲೆಗೆ ಕಳಿಸಿದ್ದರೆ ತಾನೆ ಗೊತ್ತಾಗುವುದು? (ಗಂಡುಮಕ್ಕಳನ್ನು ಓದಿಸಿ ಹೆಣ್ಣುಮಗಳ ಕೈಗೆ ಕಸಬರಿಗೆ ಕೊಟ್ಟ ಆ ಮನೆಯ ಹಿರಿಯರು ಈಗ ಇಲ್ಲ. ಇದ್ದಿದ್ದರೆ ಅವರಿಗೂ ಇಲ್ಲಿ ಎರಡು ಮಾತು ಇರುತ್ತಿತ್ತು.)

ಬೆರಳ ಸಂದಿನಿಂದ ಬಿಳಿಯ ಗೆರೆ ಇಳಿಯತೊಡಗಿತು. “ಇದು ಕುಡಗೋಲು. ಇದು ಹಾವಿನ ಹೆಡಿ. ಇವೆರಡೂ ಶಿವನ ಡಮರು. ಮತ್ತ ಹೆಡಿ. ಮತ್ತ ಕುಡಗೋಲು.”

ನಾವು ಓದಿದೆವು. ಏಳು, ಎರಡು, ಎಂಟು, ಎಂಟು, ಎರಡು, ಏಳು.

ಸುಮಾ ಕಾರ್ಡ್ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು. “ಕೂಡೂದಿಲ್ಲವಾ. ಕಾರ್ಡಿನಾಗ ಮೊದಲನೇ ಅಂಕಿ ಎರಡು ಐತಿ.”

“ನಾ ಹೇಳಲಿಲ್ಲೇನ್ರಿ?” ಬಸವರಾಜ ಕಟ್ಟೆಯಿಂದ ಇಳಿದೇ ಬಂದ. “ದೊಡ್ಡವ್ವಾ, ಸಾಕು ಮಾಡು. ಇನ್ನೂ ಎಷ್ಟು ನಗೆಪಾಟಲಾಗಬೇಕು?”

ಶಾಂತವ್ವ ರಂಗೋಲಿಯನ್ನೇ ನೋಡುತ್ತಿದ್ದರು. ಆಮೇಲೆ ನಕ್ಕರು. “ಅಯ್ಯ, ಮೊದಲನೇ ಕುಡಗೋಲು ನಂದರೀ! ಎಲ್ಲಾಕ್ಕೂ ಜೋಡಿ ಐತಿ, ಕಡೀದಕ್ಕ ಇರಲಿಲ್ಲ. ರಂಗೋಲಿ ಒಂದ ಕಡೆ ವಾಲಿದಂಗ ಕಾಣ್ತಿತ್ತು. ಹಬ್ಬದ ದಿನ ಹಂಗ ಬಿಡಾಕ ಬರ್ತೈತೇನ್ರಿ? ನಾನ ಒಂದು ಕೂಡಿಸಿದೆ.”

ಅಂಗೈಯಿಂದ ಆ ಕುಡುಗೋಲನ್ನು ಒರೆಸಿದರು. ಉಳಿದದ್ದು ಎರಡು, ಎಂಟು, ಎಂಟು, ಎರಡು, ಏಳು. ಕಾರ್ಡಿನಲ್ಲಿದ್ದದ್ದೂ ಅದೇ.

ಉಕ್ಕಿನ ಮೇಲೆ ಸವೆದುಹೋದದ್ದು ಒಬ್ಬ ಹೆಣ್ಣುಮಗಳ ಬೆರಳಿನಲ್ಲಿ ಉಳಿದುಕೊಂಡಿತ್ತು. ಸವೆಸಿದ್ದೂ ಅದೇ ಬೆರಳು!

ಆದರೆ ರಂಗೋಲಿಯನ್ನು ಸಾಕ್ಷಿಯೆಂದು ಒಪ್ಪುವ ಸಾರಿಗೆ ಕಚೇರಿ ಇನ್ನೂ ಹುಟ್ಟಿಲ್ಲ. ಆರ್‌ಟಿಓದಲ್ಲಿ ಗಾಡಿ ಪರೀಕ್ಷಿಸುವಾಗ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರೆ. ನಾವೂ ಹಾಗೆ ಮಾಡಿದೆವು. ಸುಮಾ ತೆಳುವಾದ ಕಾಗದವನ್ನು ಬಿಗಿಯಾಗಿ ಹಿಡಿದಳು, ನಾನು ಮೆದುವಾದ ಪೆನ್ಸಿಲ್ಲನ್ನು ಮಲಗಿಸಿ ಹಗುರವಾಗಿ ಆಡಿಸಿದೆ. ಮೊದಲು ಬರಿಯ ಬೂದುಬಣ್ಣ. ಆಮೇಲೆ ಬೂದಿನ ನಡುವೆ ಒಂದು ತಿರುವು ಬೆಳ್ಳಗೆ ಉಳಿಯಿತು. ಹೆಡೆ. ಅದರ ಪಕ್ಕ ಡಮರುವಿನ ಸೊಂಟ. ಕಣ್ಣಿಗೂ ಬೆರಳಿಗೂ ಸಿಗದಿದ್ದ ತಗ್ಗುಗಳು ಕಾಗದಕ್ಕೆ ಸಿಕ್ಕವು. ಒಂದೊಂದೇ ಅಂಕಿ, ಮುಳುಗಿದ ಊರು ಬೇಸಿಗೆಯಲ್ಲಿ ನೀರಿನಿಂದ ತಲೆಯೆತ್ತುವ ಹಾಗೆ, ಮೇಲೆ ಬಂತು.

“ಕಳ್ಳ ಆಗಿದ್ರ ಹಳೇದು ಅಳಿಸಿ ಹೊಸಾದು ಒತ್ತತಿದ್ದ,” ಎಂದಳು ಸುಮಾ. “ಇಲ್ಲಿ ಅರ ಹಾಕಿದ ಗೀರಿಲ್ಲ, ಬೇರೆ ನಂಬರಿಲ್ಲ. ಬರೇ ತಿಕ್ಕ್ಯಾರ, ಅಷ್ಟ.”

“ಅಂದ್ರ?” ಶಾಂತವ್ವ ನನ್ನನ್ನೇ ನೋಡುತ್ತಿದ್ದರು.

“ಅಂದ್ರ ಗಾಡಿ ನಿಮ್ಮ ಮನ್ಯಾರದ ಐತ್ರಿ, ಶಾಂತವ್ವ. ಅವ್ರು ಕಳ್ಳರಲ್ಲ.”

ಅವರು ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಬಾಗಿಲ ಹೊರಗೆ ನಡೆದರು. ಎದುರುಮನೆಯ ಹೆಂಗಸರನ್ನು ಕೂಗಿದರು. ಓದಲು ಬಾರದ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಗೆಲ್ಲ ಕೇಳುವಂತೆ ಓದಿ ಹೇಳಿದರು: ಹೆಡಿ, ಡಮರು, ಡಮರು, ಹೆಡಿ, ಕುಡಗೋಲು. ನಾನು ಅನೇಕ ತೀರ್ಪುಗಳನ್ನು ಓದಿದ್ದೇನೆ. ಇಷ್ಟು ಗಟ್ಟಿಯಾಗಿ ಓದಿದ ತೀರ್ಪನ್ನು ಕೇಳಿರಲಿಲ್ಲ.

ಅವರು ಮರಳಿದ ಮೇಲೆ ಮುಂದಿನ ದಾರಿ ವಿವರಿಸಿದೆ. ಠಾಣೆಯಲ್ಲಿ ಕಳವಿನ ದೂರು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸವೆದ ನಂಬರನ್ನು ಮತ್ತೆ ಒತ್ತಿಸಲು ಆರ್‌ಟಿಓಗೆ ಅರ್ಜಿ ಹಾಕಬೇಕು. ಅಪ್ಪಣೆಯಿಲ್ಲದೆ ಯಾವ ಗ್ಯಾರೇಜಿನವನೂ ಅದನ್ನು ಮುಟ್ಟಬಾರದು. ಎಲ್ಲಕ್ಕಿಂತ ಮೊದಲು, ಮುಂಡಗೋಡದಲ್ಲಿರುವ ಅವರ ಒಬ್ಬಳೇ ಮಗಳ ಒಪ್ಪಿಗೆ ಪಡೆದು, ಗಾಡಿಯನ್ನು ಶಾಂತವ್ವನ ಹೆಸರಿಗೆ ಮಾಡಿಸಬೇಕು. ಮಾರುವುದು ಆಮೇಲೆ. ಅಲ್ಲಿಯವರೆಗೆ ಕಾಯುತ್ತೇನೆ ಎಂದಳು ಸುಮಾ.

ಆಗ ಬಸವರಾಜ ಗಂಟಲು ಸರಿಮಾಡಿಕೊಂಡ.

“ಅಕ್ಕಾರ, ಒಂದ ಮಾತು. ದೊಡ್ಡಪ್ಪ ಈ ಗಾಡಿ ತಗೊಂಡಾಗ ಮನಿ ಒಟ್ಟಿಗಿತ್ರಿ. ಅಂದಮ್ಯಾಲೆ ಇದರಾಗ ನಮ್ಮದೂ ಪಾಲು ಬರತೈತಲ್ರಿ?”

ಕಾಯಿದೆಯ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಶಾಂತವ್ವ ಬಿಡಲಿಲ್ಲ.

“ಇಷ್ಟೊತ್ತನಕ ಕಳ್ಳ ಗಾಡಿ ಇತ್ತಲ್ಲೋ ಬಸ್ಯಾ! ಪೊಲೀಸರು ಬಂದಿದ್ರ ಜೇಲಿನಾಗೂ ಪಾಲು ಕೇಳ್ತಿದ್ದಿಯೇನು?”

ಗಂಡನನ್ನು ಊರು ಕಳ್ಳನೆಂದಾಗ ಒಬ್ಬಳೇ ನಿಂತಿದ್ದ ಹೆಂಗಸಿಗೆ, ಅವನು ಕಳ್ಳನಲ್ಲವೆಂದು ತಿಳಿದ ಗಳಿಗೆಯಲ್ಲೇ ಪಾಲುದಾರರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ?