ಒಣಮೀನು ಕಾಯ್ದ ಪಾಪಿ

ಹಾರವಾಡದ ದುರ್ಗಾಳ ಎತ್ತರ ನಾಲ್ಕೂಮುಕ್ಕಾಲು ಅಡಿ. ತಲೆಯ ಮೇಲೆ ಒಣಮೀನಿನ ಬುಟ್ಟಿ ಇಟ್ಟರೆ ಆರಡಿ. ಅಂಕೋಲೆಯ ನಮ್ಮ ಓಣಿಗೆ ಬುಟ್ಟಿ ಬರುವ ಮೊದಲು ಅವಳ ದನಿ ಬರುತ್ತಿತ್ತು, ದನಿಗೂ ಮೊದಲು ವಾಸನೆ. ಯಾರಾದರೂ ಚೌಕಾಸಿಗಿಳಿದರೆ ಮೀನನ್ನು ತಿರುಗಿ ಬುಟ್ಟಿಗೆ ಹಾಕಿ, "ನೀವು ಬದನೆಕಾಯಿ ತಿನ್ನಿ, ತಬ್ಯತ್ತಿಗೆ ಒಳ್ಳೇದು" ಅನ್ನುವಳು. ಬದನೆಕಾಯಿಗೆ ಅಂಥ ಅವಮಾನ ಬೇರೆ ಯಾರೂ ಮಾಡಿದ್ದಿಲ್ಲ.

ತೊಂಬತ್ತೆರಡರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ಬುಟ್ಟಿ ಇಳಿಸಿ, ಮುಚ್ಚಿದ ಬಟ್ಟೆ ತೆಗೆದಾಗ ಒಳಗೆ ಮೀನಿರಲಿಲ್ಲ. ಹಿಂಜಿದ ಅರಳೆಯಂಥ ಬಿಳೀ ಉಂಡೆಯೊಂದಿತ್ತು. ಉಂಡೆಗೆ ಎರಡು ಕಪ್ಪು ಕಣ್ಣು, ಒಂದು ಕಪ್ಪು ಮೂಗು. ನನ್ನನ್ನು ಕಂಡದ್ದೇ ಅದು ಬೊಗಳತೊಡಗಿತು.

"ಬಸ್ಸಲ್ಲೂ ಹಿಂಗೇ ಮಾಡ್ತು ಅಕ್ಕೋರೆ. ಕಂಡಕ್ಟರ್ ಕೇಳ್ದ, ಬುಟ್ಟೀಲಿ ಎಂತದು ಅಂತ. ಮೀನು ಅಂದೆ. ಮೀನು ಬೊಗಳ್ತದಾ ಅಂದ. ಹೊಸಾ ನಮೂನಿ ಅಂದೆ."

ಸಂಗತಿ ಇಷ್ಟು. ದುರ್ಗಾ ವಾರಕ್ಕೆರಡು ದಿನ ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿಗೂ ಹೋಗುತ್ತಿದ್ದಳು. ಅಲ್ಲಿ ಮೀನು ಮುಟ್ಟದ ಆಫೀಸರರ ಹೆಂಡತಿಯೊಬ್ಬರು ಅವಳಿಂದ ಮುರುಗಲ ಸಿಪ್ಪೆ ಕೊಳ್ಳುವರು. ಅವರ ಗಂಡನಿಗೆ ರಾಜಸ್ಥಾನಕ್ಕೆ ವರ್ಗವಾಯಿತು. ಅಷ್ಟು ದೂರದ ಸೆಕೆಗೆ ಈ ಉಣ್ಣೆಯ ಜೀವವನ್ನು ಒಯ್ಯಲಾರದೆ, ನಂಬಿಕೆಯವಳೆಂದು ದುರ್ಗಾಳ ಕೈಗಿಟ್ಟು ಕಣ್ಣೊರೆಸಿಕೊಂಡರಂತೆ. ಜೊತೆಗೊಂದು ಇಂಗ್ಲಿಷ್ ಚೀಟಿ. ಅದನ್ನು ಓದಿಸಲೆಂದೇ ದುರ್ಗಾ ನನ್ನ ಬಳಿ ಬಂದದ್ದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಗೆಣ್ಣಿನ ಮೇಲೆ ಹೊಡೆದು ಕಲಿಸಿದ ಇಂಗ್ಲಿಷು ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತು.

ನಾಯಿಯ ಹೆಸರು ಪಫಿ, ಜಾತಿ ಪಾಮೇರಿಯನ್. ದಿನಾ ಕೂದಲು ಬಾಚಬೇಕು. ಬಿಸಿಲಿಗೆ ಬಿಡಬಾರದು. ಒಂಟಿಯಾಗಿ ಬಿಟ್ಟರೆ ಅಳುತ್ತಾನೆ. ಗದರಿದರೆ ಎರಡು ಹೊತ್ತು ಉಣ್ಣುವುದಿಲ್ಲ. ಮೊಸರನ್ನ, ಸಂಜೆ ಎರಡು ಬಿಸ್ಕಿಟು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ: ಹುಟ್ಟಿದಾಗಿನಿಂದ ಶುದ್ಧ ಸಸ್ಯಾಹಾರಿ.

ದುರ್ಗಾ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟಳು. "ನಮ್ಮತ್ತೆ ಮಗನ್ನ ಕೊಡುವಾಗ ಇಷ್ಟು ಬರ್ದು ಕೊಡ್ಲಿಲ್ಲ."

ಹಾರವಾಡದಲ್ಲಿ ಪಫಿ ಎರಡೇ ದಿನದಲ್ಲಿ ಪಾಪಿಯಾದ. ದುರ್ಗಾ ದಂಡೆಯಲ್ಲಿ ನಿಂತು "ಏ ಪಾಪೀ" ಎಂದು ಕೂಗಿದರೆ ನಾಯಿಯ ಜೊತೆ ಮೂರು ನಾಲ್ಕು ಗಂಡಸರೂ ತಿರುಗಿ ನೋಡುತ್ತಿದ್ದರು. ಬಂದ ಹೊಸದರಲ್ಲಿ ಅವಳು ಅಕ್ಕರೆಯಿಂದ ಅವನ ಮೈಗೆಲ್ಲ ತೆಂಗಿನೆಣ್ಣೆ ತಿಕ್ಕಿದಳು. ಪಾಪಿ ಹೋಗಿ ಮರಳಲ್ಲಿ ಹೊರಳಿದ. ರವೆ ಹಚ್ಚಿ ಕಾವಲಿಗೆ ಹಾಕಲು ಸಿದ್ಧವಾದ ಬಂಗಡೆಯಂತೆ ಎದ್ದು ಬಂದ ನಾಯಿಯನ್ನು ತೊಳೆಯಲು ಮೂರು ಕೊಡ ಬಾವಿನೀರು, ಅರ್ಧ ದಿನ ಹಿಡಿಯಿತು. ಆಮೇಲೆ ಎಣ್ಣೆ ಬಂದ್. ಮರದ ಹಣಿಗೆಯೊಂದನ್ನು ಅವನಿಗೇ ಮೀಸಲಿಟ್ಟಳು. ದಿನಾ ಸಂಜೆ ತನ್ನ ತಲೆ ಬಾಚಿಕೊಳ್ಳದಿದ್ದರೂ ಅವನ ಬಾಲ ಬಾಚುತ್ತಿದ್ದಳು.

ಪಕ್ಕದ ಮನೆಯ ಗಂಗೆಗೆ ಇದೆಲ್ಲ ಕಂಡರೆ ಮೈಯುರಿ. "ಇದು ನಾಯಿಯೇನೆ ದುರ್ಗಿ? ಮೀನಗಾರರ ಮನೇಲಿ ಮೊಸರನ್ನ ಉಣ್ಣೂ ಭಟ್ಟ."

ಊರಿನ ಕಷ್ಟ ಒಂದಿತ್ತು. ಒಣಹಾಕಿದ ಮೀನು ಕಾಯಲು ನಾಯಿ ಇಡುವ ಹಾಗಿಲ್ಲ. ಕಾಗೆ ತಿಂದದ್ದಕ್ಕಿಂತ ಕಾವಲಿನ ನಾಯಿ ತಿಂದದ್ದೇ ಹೆಚ್ಚಾಗುತ್ತದೆ. ಹಾಗಾಗಿ ಹೆಂಗಸರು ಸೀಜನ್ನಿಡೀ ಕೋಲು ಹಿಡಿದು ಬಿಸಿಲಲ್ಲಿ ಕೂರಬೇಕು, ಪೇಟೆಗೆ ಹೋಗುವುದು ತಪ್ಪುತ್ತದೆ. ಪಾಪಿ ಬಂದ ಎಂಟನೇ ದಿನ ಹಗ್ಗ ಬಿಚ್ಚಿಕೊಂಡು ಗಂಗೆ ಮೀನು ಒಣಹಾಕಿದ ಚಾಪೆಯ ಮೇಲೇ ಹತ್ತಿದ. ಗಂಗೆ ಕೋಲು ಎತ್ತಿದಳು. ಪಾಪಿ ತಾರ್ಲಿ ಮೀನೊಂದನ್ನು ಮೂಸಿದ, ಸೀನಿದ, ಮುಖ ತಿರುಗಿಸಿದ. ಅಷ್ಟರಲ್ಲಿ ಕಾಗೆಯೊಂದು ಇಳಿಯಿತು. ಪಾಪಿ ಅದರ ಮೇಲೆ ಹಾರಿದ ರಭಸಕ್ಕೆ ತೆಂಗಿನ ಮರದ ಕಾಗೆಗಳೂ ಎದ್ದು ಹೋದವು.

ಗಂಗೆಯ ಕೋಲು ಮೇಲೇ ಉಳಿಯಿತು. "ತಿನ್ನೂದಿಲ್ಲೇನೆ ಇದು?"

"ಹೇಳ್ಲಿಲ್ವ ನಾನು? ಶಿವರಾಕ," ಅಂದಳು ದುರ್ಗಾ. ಮೀನು ಮಾಂಸ ಸೋಕದ ಊಟಕ್ಕೆ ಆ ಕಡೆ ಹಾಗೆನ್ನುತ್ತಾರೆ.

ಆ ಸೀಜನ್ನಿನಿಂದಲೇ ಎಂಟು ಮನೆಯ ಚಾಪೆಗಳು ದುರ್ಗಾಳ ಅಂಗಳಕ್ಕೆ ಬಂದವು. ಕಾವಲಿಗೆ ಪ್ರತಿಯಾಗಿ ಮನೆಗೊಂದು ಬೊಗಸೆ ಒಣಮೀನು ಅವಳಿಗೆ. ಬೋರಲು ಹಾಕಿದ ದೋಣಿಯ ನೆರಳಲ್ಲಿ ಪಾಪಿ ಕೂರುವನು. ಕಾಗೆ, ಗಿಡುಗ, ಬೆಕ್ಕು, ಅಂಚೆಯವನು, ಯಾರಿಗೂ ಭೇದವಿಲ್ಲದೆ ಬೊಗಳುವನು. ದುರ್ಗಾಳ ಗಂಡ ದೇವಿದಾಸ ಅಲ್ಲೇ ಬಲೆ ಹೊಲಿಯುತ್ತ ಕೂತರೆ ಪಾಪಿಗೆ ಒಂಟಿತನವೂ ಇಲ್ಲ. ಎಂಟೂ ಮನೆಯ ಹೆಂಗಸರು ನಿಶ್ಚಿಂತೆಯಿಂದ ಪೇಟೆಗೆ ಹೋದರು.

ಆದರೆ ಪಾಪಿ ಒಂದು ಸಲ ಮೀನಿನ ರುಚಿ ಕಂಡರೆ ಎಲ್ಲ ಮುಗಿಯಿತಲ್ಲ. ಹಾಗಾಗಿ ದುರ್ಗಾ ಅವನಿಗೆ ಬೇರೆ ಒಲೆ, ಬೇರೆ ಗಡಿಗೆ, ಬೇರೆ ಸೌಟು ಮಾಡಿದಳು. ಮೀನು ಹೆಚ್ಚಿದ ಕೈಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆಯದೆ ಅವನ ಅನ್ನ ಮುಟ್ಟುತ್ತಿರಲಿಲ್ಲ. ದೇವಿದಾಸ ಒಮ್ಮೆ ಮರೆತು ಆ ಸೌಟನ್ನು ಬಂಗಡೆ ಸಾರಿಗೆ ಅದ್ದಿದ್ದಕ್ಕೆ ಮೂರು ದಿನ ಮಾತು ಬಿಟ್ಟಳು. ನಮ್ಮ ಸಿಸ್ಟರುಗಳು ಶುಕ್ರವಾರ ಮಾಂಸ ಬಿಟ್ಟರೂ ಮೀನು ಬಿಡುತ್ತಿರಲಿಲ್ಲ. ಪಾಪಿಯದು ಅದಕ್ಕಿಂತ ದೊಡ್ಡ ಮಠ.

"ನಮ್ಮೂರಲ್ಲಿ ದಂಡೆಗೆ ಎಳೆಯೂ ರಂಪಣಿ ಬಲೆಯ ಹಗ್ಗಕ್ಕೆ ಕೈ ಹಚ್ಚಿದ ದಾರಿಹೋಕನಿಗೂ ಪಾಲುಂಟು ಅಕ್ಕೋರೆ," ಎಂದು ದೇವಿದಾಸ ನಗುತ್ತಿದ್ದ. "ದುಡಿದೂ ಪಾಲು ಕೇಳದವ ಇವ ಒಬ್ಬನೇ."

ತೊಂಬತ್ನಾಲ್ಕರ ಮೇ ತಿಂಗಳು. ಮಳೆಗಾಲಕ್ಕೆ ಕೂಡಿಡುವ ಮೀನು ಒಣಗುವ ಹೊತ್ತು, ವರ್ಷದಲ್ಲೇ ಹೆಚ್ಚು ಕೆಲಸ. ದುರ್ಗಾ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದಳು. ದನಿ ಮಾತ್ರ ಮೊದಲೇ ಬರಲಿಲ್ಲ. ಬುಟ್ಟಿಯಲ್ಲಿ ಪಾಪಿಯಿದ್ದ. ಕೂದಲು ಕುಚ್ಚು ಕುಚ್ಚಾಗಿ ಉದುರಿ ನಡುನಡುವೆ ಗುಲಾಬಿ ಚರ್ಮ ಕಾಣುತ್ತಿತ್ತು. ನನ್ನನ್ನು ಕಂಡರೂ ಬೊಗಳಲಿಲ್ಲ.

ಇಬ್ಬರೂ ದನದ ದವಾಖಾನೆಗೆ ಹೋದೆವು. ಡಾಕ್ಟರ್ ಕೇಶವ ಅವನ ಬಾಯಿ, ಹೊಟ್ಟೆ, ಬಾಲ ನೋಡಿದರು.

"ಏನು ಹಾಕ್ತೆ ಊಟಕ್ಕೆ?"

"ಮೊಸರನ್ನ."

"ಬರೀ ಮೊಸರನ್ನ? ಎಲ್ಲಿಯವಳು ನೀನು?"

"ಹಾರವಾಡ."

ಡಾಕ್ಟರು ಕನ್ನಡಕ ತೆಗೆದರು. "ಸಮುದ್ರದ ಬುಡದಲ್ಲಿ ಕೂತು ನಾಯಿಯನ್ನ ಉಪಾಸ ಹಾಕಿದ್ದೀಯಲ್ಲ ಮಾರಾಯ್ತಿ. ಇದಕ್ಕೆ ಮೈಗೆ ಸತ್ವ ಸಾಲ್ತಿಲ್ಲ. ಮೊಟ್ಟೆ ಕೊಡು. ತಿನ್ನದಿದ್ದರೆ ಮೀನು. ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ. ಹಿಂಗೇ ಬಿಟ್ಟರೆ ಮಳೆಗಾಲ ದಾಟೂದಿಲ್ಲ."

ಹೊರಗೆ ಬಂದು ದುರ್ಗಾ ಬಹಳ ಹೊತ್ತು ಬುಟ್ಟಿಯನ್ನು ತಲೆಗೇರಿಸಲಿಲ್ಲ. "ಮೀನು ತಿಂದ್ರೆ ಕಾವಲು ಹೋಯ್ತು. ತಿನ್ನದಿದ್ರೆ ಇವನೇ ಹೋಗ್ತ."

ಮೂರು ದಿನ ಮೊಟ್ಟೆ ಬೇಯಿಸಿಟ್ಟಳು. ಪಾಪಿ ಅದನ್ನು ಮೂಗಿನಿಂದ ಉರುಳಿಸಿ ಆಟವಾಡಿದ. ನಾಲ್ಕನೇ ದಿನ ಎಂಟೂ ಮನೆಗೆ ಹೋಗಿ ಹೇಳಿಬಂದಳು: "ಇವತ್ತಿಂದ ಪಾಪಿಗೆ ಮೀನು ಹಾಕ್ತೆ. ನಿಮ್ಮ ನಿಮ್ಮ ಚಾಪೆ ತಕೊಂಡು ಹೋಗಿ." ಕದ್ದು ಹಾಕಬಹುದಿತ್ತು. ದುರ್ಗಾ ಚೌಕಾಸಿಯವಳಲ್ಲ.

"ಮೊದಲೇ ಹೇಳಿದ್ದೆ," ಅಂದಳು ಗಂಗೆ. ಎಲ್ಲರಿಗಿಂತ ಮೊದಲು ಚಾಪೆ ಮಡಚಿದವಳೂ ಅವಳೇ.

ಆ ಸಂಜೆ ದುರ್ಗಾ ಬಾಣಂತಿಗೆ ಕೊಡುವಂಥ ನೊಗಲಿ ಮೀನು ಬೇಯಿಸಿ, ಎಳೆ ಎಳೆಯಾಗಿ ಮುಳ್ಳು ತೆಗೆದು, ಬೆರಳ ತುದಿಯಲ್ಲಿ ಹಿಡಿದಳು. ಪಾಪಿ ಮೂಸಿದ. ಅವಳ ಮುಖ ನೋಡಿದ. ತಿಂದ. ಆಮೇಲೆ ತಟ್ಟೆ ನೆಕ್ಕಿ, ಬೆರಳು ನೆಕ್ಕಿ, ಸೆರಗಿನ ಅಂಚನ್ನೂ ನೆಕ್ಕಿದ. ಎರಡು ವರ್ಷದ ಮಠ ಒಂದು ನೊಗಲಿಗೆ ಮುಗಿಯಿತು.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ನಾನು ನೋಡಲು ಹೋದೆ. ಎಂಟು ಅಂಗಳದಲ್ಲಿ ಎಂಟು ಹೆಂಗಸರು ಕೋಲು ಹಿಡಿದು ಬೆವರುತ್ತಿದ್ದರು. ಒಂಬತ್ತನೆಯವಳು ದುರ್ಗಾ, ಅವಳ ಕೋಲು ಕಾಗೆಗೂ ಆಗಬೇಕಿತ್ತು, ನಾಯಿಗೂ. ಪಾಪಿಯ ಮೈಮೇಲೆ ಹೊಸ ನವಿರು ಚಿಗುರಿತ್ತು. ನನ್ನನ್ನು ಕಂಡು ಚೆನ್ನಾಗಿ ಬೊಗಳಿದ.

ಅಷ್ಟರಲ್ಲಿ ಗಂಗೆ ನೀರು ಕುಡಿಯಲು ಒಳಗೆ ಹೋದಳು. ಕಾಗೆಗಳು ಇಳಿದವು. ಪಾಪಿ ದುರ್ಗಾಳ ಕೈಯಿಂದ ನುಣುಚಿ ಬೇಲಿ ನುಸುಳಿ ಕಾಗೆಗಳನ್ನು ಎಬ್ಬಿಸಿದ. ಎಬ್ಬಿಸಿದವನು ತಿರುಗಿ ಬರಲಿಲ್ಲ. ಚಾಪೆಯ ಮೇಲೆ ನಿಂತು, ದೊಡ್ಡದೊಂದು ಒಣಬಂಗಡೆಯನ್ನು ಬಾಯಲ್ಲಿ ಕಚ್ಚಿದ.

"ಕಂಡ್ರಾ, ಕಂಡ್ರಾ ಎಲ್ಲ," ಗಂಗೆ ಬಾಗಿಲಿಂದ ಕೋಲು ಬೀಸುತ್ತ ಬಂದಳು. ದುರ್ಗಾ ಬೇಲಿಯಾಚೆ ಕಣ್ಣು ಮುಚ್ಚಿಕೊಂಡಳು.

ಪಾಪಿ ಓಡಲಿಲ್ಲ. ಬಂಗಡೆಯನ್ನು ಜೋಪಾನವಾಗಿ ತಂದು ಗಂಗೆಯ ಪಾದದ ಬಳಿ ಇಟ್ಟು, ಬಾಲ ಮಡಚಿ ಕೂತು, ಅವಳ ಮುಖ ನೋಡತೊಡಗಿದ.

"ಎಂತಕ್ಕೆ ಕೂತಾನೆ ಇವ?"

ದುರ್ಗಾ ನಾಚಿಕೊಂಡು ಹೇಳಿದಳು. "ಮುಳ್ಳು ತೆಗೀಬೇಕಂತೆ."

ಎಂಟೂ ಅಂಗಳದಲ್ಲಿ ನಗು ಹಬ್ಬಿತು. ದೇವಿದಾಸ ಬಲೆಯಿಂದ ತಲೆಯೆತ್ತದೆಯೇ ಅಂದ: "ಎರಡು ವರ್ಷ ನಿಮ್ಮ ಎಂಟು ಮನೆ ಹಗ್ಗ ಎಳ್ದಾನೆ. ಇವತ್ತು ಪಾಲು ಕೇಳ್ತಾ ಇದ್ದಾನೆ. ಅದೂ ಕದ್ದಲ್ಲ, ಕೇಳಿ."

ಗಂಗೆ ಕೋಲನ್ನು ಗೋಡೆಗೆ ಒರಗಿಸಿದಳು. ಗೊಣಗುತ್ತ ಕೂತು ಬಂಗಡೆಗೆ ಕೈ ಹಾಕಿದಳು.

"ಉಪ್ಪಿಂದು ಆಗೂದಿಲ್ಲ ಅವನಿಗೆ, ಡಾಕ್ಟರು ಹೇಳಿದಾರೆ," ಅಂದಳು ದುರ್ಗಾ.

ಗಂಗೆ ದುರ್ಗಾಳನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ಸಾರಿನಿಂದ ಒಂದು ಹೋಳು ತಂದು, ಖಾರ ಹೋಗುವ ತನಕ ಎರಡು ಸಲ ನೀರಲ್ಲಿ ಅದ್ದಿ, ಅಂಗಳದಲ್ಲಿ ಕಾಲು ಚಾಚಿ ಮುಳ್ಳು ತೆಗೆಯತೊಡಗಿದಳು. ಜಗಲಿಯ ಮೇಲೆ ಅವಳ ಗಂಡ ಬೀಡಿ ಆರಿದ್ದನ್ನೂ ಮರೆತು ಕೂತಿದ್ದ.

"ಇಪ್ಪತ್ತು ವರ್ಷ ಆಯ್ತು ನನ್ನ ಮದಿವೆಯಾಗಿ," ಎಂದು ಅವ ನನಗೆ ಹೇಳಿದ. "ನಂಗೆ ಒಂದು ಮುಳ್ಳು ತೆಗ್ದು ಕೊಟ್ಟವಳಲ್ಲ."

"ನೀವು ಕಾಗೆ ಓಡಿಸಿದ್ರಾ ಒಂದಿನಾದ್ರೂ?" ಅಂದಳು ಗಂಗೆ. ಪಾಪಿ ಅವಳ ಬೆರಳು ನೆಕ್ಕುತ್ತಿದ್ದ. ಇನ್ನೊಂದು ಕೈಯಿಂದ ಅವಳು ಚಾಪೆಯ ಅಂಚು ಹಿಡಿದು ದುರ್ಗಾಳ ಬೇಲಿಯ ಕಡೆಗೆ ಎಳೆಯತೊಡಗಿದಳು.