ಸಮ ಚಿಹ್ನೆ ಇಲ್ಲದ ಕ್ಯಾಲ್ಕುಲೇಟರ್

ಅಪ್ಪನ ಹಳೆಯ ಕ್ಯಾಲ್ಕುಲೇಟರ್‌ನಲ್ಲಿ ಸಮ ಚಿಹ್ನೆಯೇ ಇರಲಿಲ್ಲ. ಮೊದಲು ಅಂಕಿಗಳನ್ನೆಲ್ಲ ಕೊಡಬೇಕು, ಕೂಡಿಸುವುದೋ ಗುಣಿಸುವುದೋ ಎಂಬುದು ಕೊನೆಗೆ. ಎರಡಕ್ಕೆ ಮೂರು ಕೂಡಿಸಲು ಎರಡು, ಎಂಟರ್, ಮೂರು, ಆಮೇಲೆ ಪ್ಲಸ್. ಮೂವತ್ತು ವರ್ಷ ಕಟ್ಟಡದ ಸೈಟ್‌ಗಳಲ್ಲಿ ಎಂಜಿನಿಯರ್ ಆಗಿದ್ದವರ ಬೆರಳಿಗೆ ಬೇರೆ ರೀತಿ ಒಗ್ಗುತ್ತಲೇ ಇರಲಿಲ್ಲ. ಚಿಕ್ಕವಳಿದ್ದಾಗ ನಾನು ಅದನ್ನು ಒತ್ತಿ ನೋಡಿ "ಇದು ಹಾಳಾಗಿದೆ" ಎಂದರೆ, "ಹಾಳಾದದ್ದು ಅದಲ್ಲ ಮಾರಾಯ್ತಿ, ನಿನ್ನ ತಲೆ" ಎಂದು ನಗುತ್ತಿದ್ದರು.

ಈ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಮಾತು ಮರಳಿತು, ನಡಿಗೆಯೂ ಮರಳಿತು. ಅಷ್ಟರಲ್ಲಿ ಕ್ಯಾಲ್ಕುಲೇಟರ್ ಕೈಕೊಟ್ಟಿತ್ತು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ರಿಪೇರಿಯವರೆಲ್ಲ ಆಗುವುದಿಲ್ಲ ಎಂದರು. ಹುಡುಕಿ ಹುಡುಕಿ ಲ್ಯಾಪ್‌ಟಾಪ್‌ಗೆ ಒಂದು ಪ್ರೋಗ್ರಾಂ ಹಾಕಿಕೊಟ್ಟೆ. ಟರ್ಮಿನಲ್‌ನ ಕಪ್ಪು ಪರದೆ, ಬರೀ ಅಕ್ಷರ. ಲೆಕ್ಕದ ರೀತಿ ಮಾತ್ರ ಥೇಟ್ ಹಳೆಯದೇ.

"ಇದು ಉಂಟಲ್ಲ, ಸಾಕು. ಸೋಮವಾರ ಸೈಟಿಗೆ ಹೋಗ್ತೇನೆ" ಎಂದರು. ಬೇಡ ಎಂದರೆ ಕೇಳುವ ಆಸಾಮಿಯೇ ಅಲ್ಲ!

ಶನಿವಾರ ಬೆಳಿಗ್ಗೆ ಅಪ್ಪ ಹೋಗಲಿದ್ದ ಪಕ್ಕದ ಕಲ್ಯಾಣದ ಸೈಟಿನ ಕಂಟ್ರಾಕ್ಟರರ ಫೋನ್ ಬಂತು. ವಿಜಯಪುರದವರು. ಅಪ್ಪ ಸ್ಪೀಕರ್ ಹಾಕಿ ಲ್ಯಾಪ್‌ಟಾಪ್ ಎಳೆದುಕೊಂಡರು. "ಸರ, ಒಂದ್ ಸ್ಲ್ಯಾಬ್ ಐತ್ರಿ. ಉದ್ದ ಎಂಟು ಮೀಟರ್, ಅಗಲ ಆರು, ದಪ್ಪ ಹದಿನೈದು ಸೆಂಟಿಮೀಟರ್. ಕಾಂಕ್ರೀಟ್ ಎಷ್ಟ್ ಬೇಕಾಗ್ತದ್ರಿ?" ಅದು ಪರೀಕ್ಷೆ ಎಂದು ನನಗೂ ತಿಳಿಯಿತು, ಅಪ್ಪನಿಗೂ.

ಎಂಟು, ಎಂಟರ್. ಆರು, ಎಂಟರ್. ಸೆಂಟಿಮೀಟರನ್ನು ಮೀಟರ್ ಮಾಡಿ ಸೊನ್ನೆ ಪಾಯಿಂಟ್ ಒಂದು ಐದು. ಒಂದೂ ತಪ್ಪಲಿಲ್ಲ. ಆಮೇಲೆ ಬೆರಳು ನಿಂತಿತು. ಪ್ಲಸ್ ಕಡೆ ಹೋಯಿತು, ಹಿಂದೆ ಬಂತು. ಮೂರೂ ಅಂಕಿ ಒಂದರ ಕೆಳಗೊಂದು ಸುಮ್ಮನೆ ಕೂತಿದ್ದವು.

"ಇನ್ನೆಂತ?" ಎಂದು ಅಪ್ಪ ಮೆಲ್ಲಗೆ ನನ್ನನ್ನು ಕೇಳಿದರು.

ಗುಣಾಕಾರ, ಎರಡು ಸಲ. ಅಷ್ಟೇ. ನನ್ನ ಕೈ ಪಕ್ಕದಲ್ಲೇ ಇತ್ತು, ಒತ್ತಿಬಿಡಬಹುದಿತ್ತು. ಒತ್ತಿದರೆ ಸೋಮವಾರ ಇವರು ಹೋಗುತ್ತಾರೆ. ಇವರ ಲೆಕ್ಕ ನಂಬಿ ಕಟ್ಟಿದ ಸ್ಲ್ಯಾಬಿನ ಕೆಳಗೆ ಯಾರೋ ಸಂಸಾರ ಮಾಡುತ್ತಾರೆ. ಒತ್ತದಿದ್ದರೆ? ನಾನು ಒತ್ತಲಿಲ್ಲ. ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಇರ್ಲಿ ಬಿಡ್ರಿ ಸರ, ಆರಾಮ ತಗೋರಿ" ಎಂದು ಕಂಟ್ರಾಕ್ಟರು ಫೋನ್ ಇಟ್ಟರು.

ಅಪ್ಪ ಪರದೆಯನ್ನೇ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ ಗುಣಾಕಾರ ಒತ್ತಿದರು. ಇನ್ನೊಮ್ಮೆ ಒತ್ತಿದರು. ಏಳು ಪಾಯಿಂಟ್ ಎರಡು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಲ್ಲ?"